ಹುಲಿಗೆ ಕತ್ತರಿ, ಕೋತಿಗೆ ಉಳಿ, ಹಾವಿಗೆ ಕುಂಚ: ಚೀನೀ ವರ್ಷಪ್ರಾಣಿಗಳಿಗೆ ಮಾಧ್ಯಮ ಆರಿಸುವ ಬಗೆ

ಚೀನೀ ಹೊಸವರ್ಷಕ್ಕೆ ಒಂದು ಚಿತ್ರ ಮಾಡೋಣ ಎಂದು ಕೂತಾಗ ಪ್ರಾಣಿ ಯಾವುದು ಎಂಬುದು ಪಂಚಾಂಗದಲ್ಲೇ ನಿಗದಿಯಾಗಿರುತ್ತದೆ. 2026ರ ಫೆಬ್ರವರಿ 17ಕ್ಕೆ ಕುದುರೆಯ ವರ್ಷ ಹಿಡಿಯುತ್ತದೆ, 2027ರ ಫೆಬ್ರವರಿ 6ಕ್ಕೆ ಆಡಿನದು, 2028ರ ಜನವರಿ 26ಕ್ಕೆ ಕೋತಿಯದು, 2029ರ ಫೆಬ್ರವರಿ 13ಕ್ಕೆ ಹುಂಜದ್ದು. ನಮ್ಮ ಕೈಯಲ್ಲಿ ಉಳಿಯುವುದು ಮಾಧ್ಯಮದ ಆಯ್ಕೆ: ಕಾಗದ ಕತ್ತರಿಸುವುದೋ, ಅಚ್ಚು ಕೆತ್ತುವುದೋ, ಮಸಿ ಕುಂಚವೋ, ಮಣ್ಣೋ. ಚೆನ್ನಾಗಿ ಚಿತ್ರ ಬರೆಯಬಲ್ಲವರ ಕೆಲಸವೂ ಹಾಳಾಗುವುದು ಈ ಆಯ್ಕೆ ತಪ್ಪಿದಾಗಲೇ. ಕೋತಿಯ ರೋಮವನ್ನು ಕತ್ತರಿಯಲ್ಲಿ ಬಿಡಿಸಲು ಹೋಗಿ ಕಾಗದ ಚಿಂದಿಯಾಗುತ್ತದೆ, ಹುಲಿಯ ಮುಖವನ್ನು ಮಸಿಯಲ್ಲಿ ಬರೆಯಲು ಹೋಗಿ ಬೆಕ್ಕಾಗುತ್ತದೆ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಚೀನೀ ರಾಶಿ ಎಂದು ಕರೆಯುವುದು ರೂಢಿಯಾದರೂ ಇದಕ್ಕೂ ಮೇಷ, ವೃಷಭಕ್ಕೂ ನಂಟಿಲ್ಲ. ಷೆಂಗ್‌ಶಿಯಾವ್ ಎಂಬ ಈ ಪದ್ಧತಿಯಲ್ಲಿ ಇಡೀ ವರ್ಷಕ್ಕೆ ಒಂದು ಪ್ರಾಣಿ: ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಕೋತಿ, ಹುಂಜ, ನಾಯಿ, ಹಂದಿ. ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ವಗಳು ಸೇರಿ 60 ವರ್ಷಕ್ಕೆ ಒಂದು ಸುತ್ತು. ಪ್ರಭವದಿಂದ ಹಿಡಿದು 60 ಸಂವತ್ಸರ ಎಣಿಸುವ ನಮಗೆ ಈ ಲೆಕ್ಕ ಹೊಸದೇನಲ್ಲ. 2026ರದ್ದು ಬೆಂಕಿಯ ಕುದುರೆ. ಅದರ ಹಿಂದಿನದು ಬಂದದ್ದು 1966ರಲ್ಲಿ. ಹುಟ್ಟುಹಬ್ಬದ ಉಡುಗೊರೆಗೆ ಮಾಡುವುದಾದರೆ ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರ ಬಗ್ಗೆ ಎಚ್ಚರ ಬೇಕು. 1990 ಕುದುರೆಯ ವರ್ಷವೇ, ಆದರೆ ಅದು ಶುರುವಾದದ್ದು ಜನವರಿ 27ಕ್ಕೆ. ಜನವರಿ 20ಕ್ಕೆ ಹುಟ್ಟಿದವರಿಗೆ ಕುದುರೆ ಕೊಟ್ಟರೆ ತಪ್ಪು, ಅವರದು ಹಾವು.

ಆಯ್ಕೆಗೆ ಮುಂಚೆ ಆ ಪ್ರಾಣಿಯನ್ನು ಗುರುತು ಹಿಡಿಯುವುದು ಯಾವುದರಿಂದ ಎಂದು ಕೇಳಿಕೊಳ್ಳಿ. ಹುಂಜ, ಆಡು, ಎದುರಿನಿಂದ ಕಂಡ ಹುಲಿ ಹೊರಗೆರೆಯಿಂದಲೇ ಗೊತ್ತಾಗುತ್ತವೆ; ಇವು ಕಾಗದಕ್ಕೆ ಹೇಳಿ ಮಾಡಿಸಿದವು. ಕೋತಿ, ನಾಯಿ, ಕಾಡುಹಂದಿ ರೋಮದಿಂದ ಗೊತ್ತಾಗುತ್ತವೆ. ಅವಕ್ಕೆ ಉಳಿ ಬೇಕು. ಹಾವು, ಇಲಿ, ಮೊಲ ಮೈ ಬಾಗುವ ರೀತಿಯಿಂದ ಗೊತ್ತಾಗುತ್ತವೆ; ಕುಂಚದ ಎರಡು ಎಳೆತಕ್ಕೆ ಅವು ಸಿಗುತ್ತವೆ. ಆಮೇಲೆ ಎಷ್ಟು ಪ್ರತಿ ಬೇಕು ಎಂಬ ಪ್ರಶ್ನೆ. ಒಂದೇ ಸಾಕಾದರೆ ಯಾವುದಾದರೂ ಆದೀತು, ಐದಾರಕ್ಕೆ ಕತ್ತರಿ, ಇಪ್ಪತ್ತು ದಾಟಿದರೆ ಅಚ್ಚು.

ಕಾಗದ ಮತ್ತು ಕತ್ತರಿ

ಹೊಸಬರಿಗೆ ನಾವು ಮೊದಲು ಹೇಳುವುದು ಇದನ್ನೇ. ಖರ್ಚು ಕಡಿಮೆ ಎಂಬುದಕ್ಕಿಂತ, ಇದರ ವ್ಯಾಕರಣ ಬಹಳ ಸ್ಪಷ್ಟ. ಚೀನೀ ಕಾಗದ ಕತ್ತರಿ ಕಲೆಯನ್ನು ಯುನೆಸ್ಕೊ 2009ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಆದರೆ ಅದರ ವಯಸ್ಸು ದೊಡ್ಡದು. ವಾಯವ್ಯ ಚೀನಾದ ತುರ್ಫಾನಿನ ಗೋರಿಗಳಲ್ಲಿ ಸಿಕ್ಕ, 6ನೇ ಶತಮಾನದಲ್ಲಿ ಕತ್ತರಿಸಿದ ಕಾಗದದ ಚಿತ್ರಗಳಲ್ಲಿ ಜೋಡಿ ಕುದುರೆ, ಜೋಡಿ ಕೋತಿ ಇವೆ. ಜೋಡಿ ಏಕೆಂದು ಕಾಗದ ಮಡಚಿದ ಯಾರಿಗಾದರೂ ಗೊತ್ತಾಗುತ್ತದೆ: ಪಕ್ಕದಿಂದ ಕಂಡ ಪ್ರಾಣಿಯನ್ನು ಮಡಿಕೆಯ ಮೇಲೆ ಕತ್ತರಿಸಿದರೆ ಅದರ ಕನ್ನಡಿಬಿಂಬವೂ ಹುಟ್ಟುತ್ತದೆ. ಆದ್ದರಿಂದ ಒಂಟಿ ಕುದುರೆ ಬೇಕಾದರೆ ಮಡಚಬೇಡಿ. ಹುಲಿ ಮುಖ, ಎತ್ತಿನ ಮುಖಕ್ಕೆ ಮಡಚಿ.

ಎರಡು ಬಗೆಯ ಕತ್ತರಿಕೆಯನ್ನು ಬೇರೆ ಬೇರೆಯಾಗಿ ತಿಳಿದಿರಬೇಕು. 'ಯಾಂಗ್' ಬಗೆಯಲ್ಲಿ ಗೆರೆ ಉಳಿಯುತ್ತದೆ, ಸುತ್ತಲಿನ ಕಾಗದ ಹೋಗುತ್ತದೆ. ಹಾಗಾಗಿ ಪ್ರತಿ ಗೆರೆಯೂ ಇನ್ನೊಂದಕ್ಕೆ ಅಂಟಿಕೊಂಡಿರಲೇಬೇಕು. 'ಯಿನ್' ಬಗೆಯಲ್ಲಿ ಗೆರೆಯೇ ಹೋಗಿ ತೂತಾಗುತ್ತದೆ. ಹಾಗಾಗಿ ಗೆರೆಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಬೇಕು. ಹೊಸಬರು ಕತ್ತರಿಸಿದ ಚಿತ್ರಗಳಲ್ಲಿ ಕಣ್ಣು ಉದುರುವುದು ಇದನ್ನು ಮರೆತಾಗ. ಕಣ್ಣಿನ ಸುತ್ತ ಪೂರ್ತಿ ಕೊರೆದರೆ ನಡುವಿನ ಪಾಪೆ ಕೈಗೆ ಬರುತ್ತದೆ, ಅದನ್ನು ಹುಬ್ಬಿಗೋ ರೆಪ್ಪೆಗೋ ಕಟ್ಟುವ 2 ಮಿಲಿಮೀಟರ್ ಸೇತುವೆಯನ್ನು ಪೆನ್ಸಿಲಿನಲ್ಲೇ ಗುರುತಿಸಿಕೊಳ್ಳಬೇಕು.

ಶುರುವಿಗೆ 15 ಸೆಂಟಿಮೀಟರ್ ಚೌಕದ ಹುಲಿ ಮುಖ ಸರಿಯಾದ ಅಳತೆ. 70ರಿಂದ 80 ಜಿಎಸ್‌ಎಂನ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ), ಎರಡೂ ಕಡೆ ಕೆಂಪಿರುವ ಕಾಗದ ತಗೊಳ್ಳಿ. ಶಾಲೆಯ ಹೊಳಪು ಕಾಗದದಲ್ಲಿ ಹಿಂಬದಿ ಬಿಳಿ ಇರುವುದರಿಂದ ಕತ್ತರಿಸಿದ ಅಂಚು ಬೆಳ್ಳಗೆ ಇಣುಕುತ್ತದೆ. ಬಿಳಿ ಕಾಗದವಂತೂ ಬೇಡವೇ ಬೇಡ. ಚೀನಾದಲ್ಲಿ ಬಿಳಿ ಸಾವಿನ ಬಣ್ಣ, ಹಬ್ಬದ ಕಿಟಕಿಗೆ ಅಂಟಿಸುವುದು ಕೆಂಪನ್ನು. ನಡುವೆ ಒಂದು ಮಡಿಕೆ ಹಾಕಿ ಅರ್ಧ ಮುಖ ಬರೆಯಿರಿ. ಮಡಿಕೆಯ ಮೇಲೆ, ಹಣೆಯ ಜಾಗದಲ್ಲಿ 'ವಾಂಗ್' ಅಕ್ಷರದ ಅರ್ಧ ಬರಲಿ: ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಅರ್ಥ ರಾಜ. ಹುಲಿಯ ಹಣೆಯ ಪಟ್ಟೆಯನ್ನು ಚೀನೀಯರು ಹೀಗೆ ಓದುತ್ತಾರೆ. ಈ ಅಕ್ಷರದಲ್ಲಿ ಮುಚ್ಚಿದ ಖಾನೆ ಎಲ್ಲೂ ಇಲ್ಲ, ಹಾಗಾಗಿ ಯಿನ್ ಬಗೆಯಲ್ಲಿ ಕೊರೆದರೂ ಏನೂ ಉದುರುವುದಿಲ್ಲ. ಶುಭ ಎಂಬರ್ಥದ 'ಜಿ' ಅಕ್ಷರ ಹಾಗಲ್ಲ. ಅದರ ಕೆಳಗೆ ಮುಚ್ಚಿದ ಚೌಕವಿದೆ, ಸೇತುವೆಯಿಲ್ಲದೆ ಕೊರೆದರೆ ಒಳಗಿನ ತುಂಡು ಹೋಯಿತು.

ಕತ್ತರಿಸುವ ಕ್ರಮ ಯಾವತ್ತೂ ಒಳಗಿನಿಂದ ಹೊರಕ್ಕೆ, ಸಣ್ಣದರಿಂದ ದೊಡ್ಡದಕ್ಕೆ. ಹಣೆಯ ಅಕ್ಷರ, ಕಣ್ಣು, ಮೂಗಿನ ಹೊಳ್ಳೆ, ಕೆನ್ನೆಯ ಪಟ್ಟೆ, ಕೊನೆಗೆ ಕಿವಿ ಮತ್ತು ಹೊರ ಅಂಚು. ತೂತುಗಳು ಹೆಚ್ಚಿದಷ್ಟೂ ಕಾಗದದ ಬಿಗಿ ಹೋಗುತ್ತದೆ. ಹೊರ ಅಂಚನ್ನು ಮೊದಲೇ ಕತ್ತರಿಸಿದರೆ ಹಿಡಿಯಲು ಜಾಗವೇ ಉಳಿಯದೆ ಒಳಗಿನ ಕೆಲಸ ನಡುಗುತ್ತದೆ. ಮಡಿಕೆಗಳು ಸರಿಯದಂತೆ ಚಿತ್ರದ ಹೊರಗೆ ಎರಡು ಸ್ಟೇಪ್ಲರ್ ಪಿನ್ ಹೊಡೆಯಿರಿ.

ರೋಮಕ್ಕೆ ಚೀನೀ ಕುಶಲಕರ್ಮಿಗಳು ಬಳಸುವುದು ಗರಗಸದ ಹಲ್ಲಿನಂಥ ಸಾಲು. ಹುಬ್ಬಿನ ಬುಡದಲ್ಲಿ ಮೊದಲು ಒಂದೇ ಬಾಗಿದ ಗೆರೆ ಕತ್ತರಿಸಿ ನಿಲ್ಲಿಸಿ. ಅಲ್ಲಿಂದ ಕತ್ತರಿಯ ತುದಿಯಲ್ಲಿ ಒಂದೊಂದಾಗಿ ಓರೆ ಕಚ್ಚು, ಕಚ್ಚಿಗೆ 4 ಮಿಲಿಮೀಟರ್ ಉದ್ದ, ನಡುವೆ ಒಂದೂವರೆ ಮಿಲಿಮೀಟರ್ ಬಿಡುವು. ಹುಬ್ಬಿನ ನಡುವೆ ಹಲ್ಲು ಉದ್ದ, ಎರಡೂ ತುದಿಗೆ ಹೋಗುತ್ತಾ ಗಿಡ್ಡ. ಬಲಗೈ ನಿಂತಲ್ಲೇ ಇರಬೇಕು, ತಿರುಗುವುದು ಎಡಗೈಯ ಕಾಗದ. ಕತ್ತರಿಯನ್ನೇ ತಿರುಗಿಸಿದರೆ ಹಲ್ಲಿನ ಬುಡದಲ್ಲಿ ಎರಡು ಕತ್ತರಿಕೆ ಒಂದನ್ನೊಂದು ದಾಟಿ, ಬಿಡಿಸುವಾಗ ಅಲ್ಲಿಂದಲೇ ಹರಿಯುತ್ತದೆ. ಹತ್ತು ಹನ್ನೆರಡು ಹಲ್ಲಿನ ಒಂದು ಹುಬ್ಬು ಸರಿಯಾಗಿ ಬಂದ ದಿನ ಉಳಿದ ಮುಖ ತಾನಾಗಿ ಬರುತ್ತದೆ. ಆಡಿಗೆ ಅರ್ಧಚಂದ್ರದ ಕಚ್ಚು ಸಾಕು. ಅಂದಹಾಗೆ ಚೀನೀ ಭಾಷೆಯಲ್ಲಿ 'ಯಾಂಗ್' ಎಂಬ ಪ್ರಾಣಿಯ ಹೆಸರು ಆಡಿಗೂ ಸಲ್ಲುತ್ತದೆ, ಕುರಿಗೂ ಸಲ್ಲುತ್ತದೆ (ಮೇಲೆ ಹೇಳಿದ ಯಾಂಗ್ ಕತ್ತರಿಕೆಗೂ ಇದಕ್ಕೂ ಸಂಬಂಧವಿಲ್ಲ). 2027ಕ್ಕೆ ಗಡ್ಡ, ಕೊಂಬಿನ ಆಡು ಮಾಡಿದರೂ ಸರಿ, ಸುರುಳಿ ಉಣ್ಣೆಯ ಕುರಿ ಮಾಡಿದರೂ ಸರಿ.

ಕುದುರೆಗೆ ಇಲ್ಲಿ ಒಂದು ತೊಂದರೆ ಇದೆ. ಅಂಗೈಯಗಲದ ಚಿತ್ರದಲ್ಲಿ ಕಾಲು 3 ಮಿಲಿಮೀಟರಿಗಿಂತ ತೆಳುವಾಗಿ ಸುರುಟಿಕೊಳ್ಳುತ್ತದೆ. ಗೊರಸುಗಳನ್ನು ಜೋಡಿಸುವ ಹುಲ್ಲಿನ ಪಟ್ಟಿಯೊಂದನ್ನು ಕೆಳಗೆ ಬಿಟ್ಟರೆ ನಿಲ್ಲುತ್ತದೆ.

ಕತ್ತರಿಯೋ ಚಾಕುವೋ ಎಂಬುದೂ ಒಂದು ಆಯ್ಕೆಯೇ. ಉತ್ತರ ಷಾನ್‌ಶಿಯ ಆನ್‌ಸಾಯ್ ಕಡೆಯ ಹೆಂಗಸರದ್ದು ಕತ್ತರಿಯ ಕೆಲಸ, ಗೆರೆ ದಪ್ಪ, ಆಕಾರ ಧೈರ್ಯದ್ದು. ಹೆಬೇ ಪ್ರಾಂತ್ಯದ ಯೂಶಿಯಾನ್‌ನಲ್ಲಿ ತೆಳು ಕಾಗದದ ಅಟ್ಟಿಯನ್ನು ಚಾಕುವಿನಲ್ಲಿ ಕೊರೆದು, ಮದ್ಯಸಾರ ಬೆರೆಸಿದ ಬಣ್ಣವನ್ನು ಮೇಲಿನಿಂದ ಇಂಗಿಸುತ್ತಾರೆ. ಮದ್ಯಸಾರವಿದ್ದರೆ ಬಣ್ಣ ಹರಡದೆ ಕೆಳಗಿನ ಹಾಳೆಯವರೆಗೂ ಇಳಿಯುತ್ತದೆ. ಒಂದೇ ಬಣ್ಣದ ಹುಲಿಗೆ ಕತ್ತರಿ ಸಾಕು. ಹುಂಜದ ಬಾಲದಂತೆ ನಾಲ್ಕೈದು ಬಣ್ಣ ಬೇಕಾದಾಗ ಚಾಕು ಹಿಡಿಯಿರಿ, 11ನೇ ನಂಬರಿನ ಸರ್ಜಿಕಲ್ ಬ್ಲೇಡು ಒಳ್ಳೆಯದು. ಮೂಲೆಗಳನ್ನು ಯಾವಾಗಲೂ ಮೂಲೆಯಿಂದಲೇ ಶುರುಮಾಡಿ ಹೊರಕ್ಕೆ ಎಳೆಯಬೇಕು.

ಅಂಟಿಸುವಾಗ ಮೈದಾ ಗೋಂದು ಬೇಡ. ಅದರ ನೀರಿಗೆ ಕೆಂಪು ಬಣ್ಣ ಬಿಟ್ಟು ಹಿಂದಿನ ಹಾಳೆಯೆಲ್ಲ ಗುಲಾಬಿಯಾಗುತ್ತದೆ. ಗ್ಲೂ ಸ್ಟಿಕ್ಕನ್ನು ನಾಲ್ಕೈದು ಕಡೆ ಚುಕ್ಕಿಯಷ್ಟು ತಾಗಿಸಿದರೆ ಸಾಕು, ಅಂಚು ಸ್ವಲ್ಪ ಎದ್ದು ನಿಂತು ನೆರಳು ಬಿದ್ದರೇ ಚೆಂದ.

ಉಳಿ ಮತ್ತು ಅಚ್ಚು

1980ರ ಫೆಬ್ರವರಿ 15ರಂದು ಚೀನಾದ ಅಂಚೆ ಇಲಾಖೆ ತನ್ನ ಮೊದಲ ವರ್ಷಪ್ರಾಣಿ ಅಂಚೆಚೀಟಿ ತಂದಿತು. ಬೆಲೆ 8 ಫೆನ್ (100 ಫೆನ್‌ಗೆ ಒಂದು ಯುವಾನ್), ಕೆಂಪು ಹಿನ್ನೆಲೆಯಲ್ಲಿ ಕಪ್ಪು ಕೋತಿ, ಚಿತ್ರ ಹುವಾಂಗ್ ಯೊಂಗ್‌ಯು ಅವರದು. ಅದನ್ನು ದೊಡ್ಡದು ಮಾಡಿ ನೋಡಿ. ಕೋತಿಯ ಮೈಗೆ ಹೊರಗೆರೆಯೇ ಇಲ್ಲ. ಕೆತ್ತಿದ ಸಾವಿರ ಕೂದಲೆಳೆಗಳ ತುದಿಯೇ ಅದರ ಅಂಚು. ರೋಮದ ಪ್ರಾಣಿಗೆ ಉಳಿಯೇ ಬೇಕೆಂದು ನಾವು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಸಿಗದು.

ಹೊಸವರ್ಷದ ಮರದಚ್ಚಿನ ಚಿತ್ರಗಳಿಗೆ ಚೀನಾದಲ್ಲಿ ನ್ಯಾನ್‌ಹುವಾ ಎನ್ನುತ್ತಾರೆ. ಅದರಲ್ಲಿ ಎರಡು ಊರಿನ ದಾರಿ ನಮಗೆ ಮುಖ್ಯ. ತಿಯಾನ್‌ಜಿನ್ ಹತ್ತಿರದ ಯಾಂಗ್‌ಲ್ಯೂಚಿಂಗ್‌ನಲ್ಲಿ ಕಪ್ಪು ಗೆರೆಯನ್ನು ಅಚ್ಚಿನಲ್ಲಿ ಒತ್ತಿ, ಬಣ್ಣವನ್ನು ಕೈಯಲ್ಲಿ ತುಂಬುತ್ತಾರೆ. ಶಾಂಡಾಂಗ್ ಪ್ರಾಂತ್ಯದ ವೇಫಾಂಗ್ ಬಳಿಯ ಯಾಂಗ್‌ಜ್ಯಾಬುವಿನಲ್ಲಿ ಬಣ್ಣಕ್ಕೊಂದರಂತೆ ಅಚ್ಚು ಕೆತ್ತುತ್ತಾರೆ. ಮನೆಯಲ್ಲಿ ಮಾಡುವವರಿಗೆ ನಮ್ಮ ಸಲಹೆ: 30 ಕಾರ್ಡಿನವರೆಗೆ ಮೊದಲ ದಾರಿ, ಅದಕ್ಕೂ ಮೀರಿದರೆ ಎರಡನೆಯದು. ಬಣ್ಣದ ಅಚ್ಚು ಕೆತ್ತಲು ಹಿಡಿಯುವ ಹೊತ್ತು ಆ ಸಂಖ್ಯೆ ದಾಟಿದ ಮೇಲಷ್ಟೇ ವಸೂಲಾಗುತ್ತದೆ.

ಅಲ್ಲಿನವರು ಬಳಸುವುದು ಪೇರ್ ಹಣ್ಣಿನ ಮರ. ಎಳೆ ಒತ್ತಾಗಿರುವುದರಿಂದ ಸಣ್ಣ ಗೆರೆಯೂ ಸೀಳುವುದಿಲ್ಲ. ನಮಗೆ 3ರಿಂದ 4 ಮಿಲಿಮೀಟರ್ ದಪ್ಪದ ಲಿನೋಲಿಯಂ (ಕೆತ್ತಲು ಮೆತ್ತಗಿರುವ, ನೆಲಹಾಸಿನಂಥ ಹಾಳೆ) ಸಾಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗವೆಂದು ಕೊಳ್ಳಬೇಡಿ. ಅದರ ಅಂಚು ಪುಡಿಯಾಗುತ್ತದೆ, ರೋಮದ ಗೆರೆ ನಿಲ್ಲದು. ಅಂಚೆ ಕಾರ್ಡಿನಳತೆಯ ಕೋತಿಗೆ ಎರಡು ಉಳಿ ಬೇಕು: ಗೆರೆಗೆ ವಿ ಆಕಾರದ್ದು, ಬಯಲು ತೆಗೆಯಲು 5 ಮಿಲಿಮೀಟರಿನ ಯು ಆಕಾರದ್ದು. ಲಿನೋಲಿಯಂ ಗಡುಸಾಗಿದ್ದರೆ ಹತ್ತು ನಿಮಿಷ ಬಿಸಿಲಲ್ಲಿಟ್ಟು ಕೆತ್ತಿದರೆ ಬೆಣ್ಣೆಯಂತೆ ಬರುತ್ತದೆ. ಉಳಿಯನ್ನು ರೋಮ ಬೆಳೆಯುವ ದಿಕ್ಕಿಗೇ ಓಡಿಸಿ: ಭುಜದಿಂದ ಮೊಣಕೈಗೆ, ಬೆನ್ನಿನಿಂದ ಬಾಲಕ್ಕೆ. ಪ್ರತಿ ಎಳೆತ ದಪ್ಪವಾಗಿ ಶುರುವಾಗಿ ತುದಿಯಲ್ಲಿ ಮೇಲೆದ್ದು ತೆಳುವಾಗಲಿ. ಗೆರೆಗಳು ಒಂದರ ಪಕ್ಕ ಒಂದು ಸಮವಾಗಿ ನಿಂತರೆ ರೋಮದ ಬದಲು ಚಾಪೆ ಕಾಣುತ್ತದೆ.

ಅಚ್ಚು ಚಿತ್ರವನ್ನು ಮಗುಚುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಅಕ್ಷರ ಕೆತ್ತುವಾಗ ಮರೆಯುತ್ತಾರೆ. ಹುಲಿಯ ಹಣೆಯ ವಾಂಗ್ ಅಕ್ಷರ ಎಡಬಲ ಒಂದೇ ಆದ್ದರಿಂದ ಮಗುಚಿದರೂ ಅದೇ. ಕುದುರೆಯ ಅಕ್ಷರ 'ಮಾ' ಹಾಗಲ್ಲ, ಟ್ರೇಸಿಂಗ್ ಹಾಳೆಯನ್ನು ಮಗುಚಿ ಹಾಕಿಯೇ ಅಚ್ಚಿಗೆ ಇಳಿಸಬೇಕು.

ಬಣ್ಣ ಸರಿಯಾಗಿ ಕೂರಿಸುವ ಚೀನೀ ಉಪಾಯ ಮನೆಗೂ ಒಗ್ಗುತ್ತದೆ. ಅವರು ಕಾಗದದ ಅಟ್ಟಿಯ ಒಂದು ಅಂಚನ್ನು ಮೇಜಿಗೆ ಬಿಗಿದುಬಿಡುತ್ತಾರೆ, ಅಚ್ಚನ್ನು ಪಕ್ಕದಲ್ಲಿ ಕೂರಿಸುತ್ತಾರೆ. ಹಾಳೆಯನ್ನು ಅಚ್ಚಿನ ಮೇಲೆ ಮಗುಚಿ, ಬೆನ್ನು ಉಜ್ಜಿ, ಆಚೆ ಬಿಟ್ಟು ಮುಂದಿನ ಹಾಳೆ. ಒಂದು ಬಣ್ಣ ಎಲ್ಲಾ ಹಾಳೆಗೂ ಮುಗಿದ ಮೇಲೆ ಅಚ್ಚು ಬದಲು. ಮನೆಯಲ್ಲಿ ದೊಡ್ಡ ಕ್ಲಿಪ್ಪಿನಿಂದ 20 ಹಾಳೆ ಹಿಡಿಸಿ, ಹೊಸ ಅಚ್ಚನ್ನು ಮೊದಲ ಹಾಳೆಯ ಗೆರೆಗೆ ಹೊಂದಿಸಿ ಡಬಲ್ ಟೇಪಿನಲ್ಲಿ ಅಂಟಿಸಿದರೆ ಉಳಿದ 19 ತಾವಾಗಿ ಕೂರುತ್ತವೆ. ಬಣ್ಣ ಸರಿದಿದ್ದರೆ ಎರಡು ಕಾರಣ ಹುಡುಕಿ: ಟೇಪು ಸಡಿಲವಾಗಿದೆ, ಇಲ್ಲವೇ ಕಾಗದ ಹಿಗ್ಗಿದೆ ಅಥವಾ ಕುಗ್ಗಿದೆ. ಮಂಗಳೂರಿನ ಮಳೆಗಾಲದಲ್ಲಿ ಹಿಗ್ಗುತ್ತದೆ, ಕಲಬುರಗಿಯ ಏಪ್ರಿಲ್‌ನಲ್ಲಿ ಎರಡು ಬಣ್ಣದ ನಡುವೆಯೇ ಒಣಗಿ ಕುಗ್ಗುತ್ತದೆ. ಎಲ್ಲ ಬಣ್ಣವನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ ಮುಗಿಸಿ. ನೀರು ಬಣ್ಣ ಹರಳುಹರಳಾಗಿ ಮೂಡಿದರೆ ಅಚ್ಚಿನ ಮೇಲೆ ಬಣ್ಣದ ಜೊತೆ ಕಡಲೆಕಾಳಿನಷ್ಟು ಗಂಜಿ ಹಾಕಿ ಕುಂಚದಲ್ಲಿ ಹರಡಿ, ನುಣ್ಣಗಾಗುತ್ತದೆ.

ಕುಂಚ ಮತ್ತು ಮಸಿ

ಎಲ್ಲಕ್ಕಿಂತ ಬೇಗ ಮುಗಿಯುವುದೂ ಇದೇ, ಕಲಿಯಲು ಹೆಚ್ಚು ದಿನ ಬೇಡುವುದೂ ಇದೇ. ಹತ್ತು ನಿಮಿಷದ ಚಿತ್ರಕ್ಕೆ ಒಂದು ಕಟ್ಟು ಹಾಳೆ ಹೋಗುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಬೇಕು. ತಿದ್ದಲು ಬರುವುದಿಲ್ಲ.

ಇಲ್ಲಿ ಕಾಗದದ ಆಯ್ಕೆಯೇ ಮುಕ್ಕಾಲು ಕೆಲಸ. ಆನ್‌ಹುಯಿ ಪ್ರಾಂತ್ಯದ ಷ್ವಾನ್ ಕಾಗದದಲ್ಲಿ ಹಸಿ, ಪಕ್ವ ಎಂದು ಎರಡು ಜಾತಿ. ಹಸಿ ಕಾಗದ ಮಸಿಯನ್ನು ತಟ್ಟನೆ ಕುಡಿದು ಹರಡುತ್ತದೆ; ಮೊಲದ ಮೆತ್ತನೆ ಮೈ, ಇಲಿಯ ಬೆನ್ನು ಇದರಲ್ಲೇ ಹುಟ್ಟಬೇಕು. ಪಟಿಕ (ಆಲಂ) ಹಾಕಿ ಪಕ್ವ ಮಾಡಿದ ಕಾಗದ ಕುಡಿಯುವುದಿಲ್ಲ. ಡ್ರ್ಯಾಗನ್ನಿನ ಒಂದೊಂದು ಹುರುಪೆಯನ್ನೂ ಬಿಡಿಸುವ ನಿಧಾನದ ಕೆಲಸಕ್ಕೆ ಅದು. ಸಾಮಾನ್ಯ ಡ್ರಾಯಿಂಗ್ ಹಾಳೆಯಲ್ಲಿ ಎರಡೂ ಆಗುವುದಿಲ್ಲ, ಮಸಿ ಮೇಲೆಯೇ ನಿಂತು ಒಣಗಿ ಅಂಚಿನಲ್ಲಿ ಕರೆ ಕಟ್ಟುತ್ತದೆ.

ಹಾವಿನಿಂದ ಶುರುಮಾಡಿ. ಮೇಕೆಕೂದಲಿನ ಮಧ್ಯಮ ಕುಂಚವನ್ನು ತೆಳು ಮಸಿಯಲ್ಲಿ ಪೂರ್ತಿ ನೆನೆಸಿ, ಬಟ್ಟಲ ಅಂಚಿಗೆ ಎರಡು ಸಲ ಒತ್ತಿ ಹೆಚ್ಚಿನ ನೀರು ಇಳಿಸಿ, ತುದಿಗೆ ಮಾತ್ರ ಗಟ್ಟಿ ಮಸಿ ತಾಗಿಸಿ. ತಲೆಯ ಜಾಗದಲ್ಲಿ ಒತ್ತಿ, ಕುತ್ತಿಗೆಗೆ ಎತ್ತಿ, ಹೊಟ್ಟೆಗೆ ಮತ್ತೆ ಒತ್ತಿ, ಬಾಲಕ್ಕೆ ಎತ್ತುತ್ತಾ ಹೋಗಿ, ಒಂದೇ ಎಳೆತ. ಎಲ್ಲಾದರೂ ಅನುಮಾನಿಸಿ ನಿಂತರೆ ಆ ಜಾಗದಲ್ಲಿ ಮಸಿ ಹರಡಿ ಗಂಟಾಗುತ್ತದೆ, ಹಾವು ಇಲಿ ನುಂಗಿದಂತೆ ಕಾಣುತ್ತದೆ. ಅರ್ಧ ಒಣಗಿದಾಗ ಗಟ್ಟಿ ಮಸಿಯಲ್ಲಿ ಕಣ್ಣು, ಪೂರ್ತಿ ಒಣಗಿದ ಮೇಲೆ ನಾಲಿಗೆ. ಮೊಲದ ಮೀಸೆಗೂ ಇದೇ ನಿಯಮ. ಹಸಿಯಿರುವಾಗ ಎಳೆದ ಮೀಸೆ ಗಡ್ಡವಾಗುತ್ತದೆ. ಹಾವು ಮೊಲವನ್ನು ಸುತ್ತಿಕೊಂಡ ಚಿತ್ರ ಉತ್ತರ ಚೀನಾದಲ್ಲಿ ಮದುವೆ, ಸಂಪತ್ತಿಗೆ ಶುಭವೆಂದು ನಡೆದುಬಂದಿದೆ, ಎರಡೂ ಕೈಗೆ ಕೂತ ಮೇಲೆ ಅದನ್ನು ಪ್ರಯತ್ನಿಸಿ.

ಕುದುರೆಯ ವರ್ಷ ಬಂತೆಂದರೆ ಎಲ್ಲರೂ ಚೀನಾದ ಹೆಸರಾಂತ ಚಿತ್ರಕಾರ ಶು ಬೇಹೊಂಗ್ (1895–1953) ಅವರ ಓಡುವ ಕುದುರೆಗಳ ಕಡೆ ನೋಡುತ್ತಾರೆ. ನೋಡಿ, ಮನಸಾರೆ ನೋಡಿ. ಆದರೆ ಅದರ ನಕಲಿನಿಂದ ಕಲಿಯಲು ಹೊರಡಬೇಡಿ. ಆ ಕುಂಚದ ನಾಲ್ಕು ಎಳೆತದ ಹಿಂದೆ ಕುದುರೆಯ ಮೂಳೆ, ಕೀಲುಗಳ ವರ್ಷಗಟ್ಟಲೆ ಅಭ್ಯಾಸವಿದೆ. ಕೀಲು ಎಲ್ಲಿ ಮಡಿಯುತ್ತದೆಂದು ತಿಳಿಯದ ಕೈಯಲ್ಲಿ ಅದೇ ಎಳೆತ ಕಾಲು ಮುರಿದ ಕುದುರೆಯಾಗುತ್ತದೆ. 2026ಕ್ಕೆ ಕುದುರೆಯನ್ನು ಅಚ್ಚಿನಲ್ಲಿ ಮಾಡಿ. ಅಲ್ಲಿ ಹತ್ತು ಸಲ ತಿದ್ದಿದ ಚಿತ್ರವನ್ನೇ ಕೆತ್ತಬಹುದು.

ಮಣ್ಣು

ಮಕ್ಕಳ ಜೊತೆ ಮಾಡುವುದಾದರೆ ಇದೇ ಸರಿ. ಷಾನ್‌ಶಿಯ ಫೆಂಗ್‌ಶಿಯಾಂಗ್‌ನಲ್ಲಿ ಮಣ್ಣಿಗೆ ಕಾಗದದ ತಿರುಳು ಬೆರೆಸಿ ಅಚ್ಚಿಗೆ ಒತ್ತಿ, ಒಣಗಿಸಿ, ಬಿಳಿ ಬಳಿದು, ಕಪ್ಪು ಗೆರೆ ಎಳೆದು, ಆಮೇಲೆ ಬಣ್ಣ ತುಂಬುತ್ತಾರೆ. 2002ರ ಚೀನೀ ಅಂಚೆಚೀಟಿಯ ಕುದುರೆ ಅಲ್ಲಿಯ ಮಣ್ಣಿನ ಗೊಂಬೆ. ಗಣಪತಿ ಮಾಡುವ ಜೇಡಿಮಣ್ಣು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ನೆನೆಸಿ ರುಬ್ಬಿದ ಪೇಪರನ್ನು ಒಂದು ಸೇರು ಮಣ್ಣಿಗೆ ಒಂದು ಹಿಡಿ ಕಲಸಿ, ಮೈಯನ್ನು ಒಳಗೆ ಟೊಳ್ಳಾಗಿ, ಎಲ್ಲ ಕಡೆ 8ರಿಂದ 10 ಮಿಲಿಮೀಟರ್ ದಪ್ಪಕ್ಕೆ ಇಡಿ. ಹೊಟ್ಟೆ ಗಟ್ಟಿ, ಕಾಲು ತೆಳು ಇದ್ದರೆ ಒಣಗುವ ವೇಗ ಬೇರೆಬೇರೆಯಾಗಿ ಕಾಲಿನ ಬುಡ ಬಿರಿಯುತ್ತದೆ. ನೆರಳಲ್ಲೇ ಒಣಗಿಸಿ. ಹಂದಿ, ಎತ್ತು, ಕೂತ ಹುಲಿ ಒಳ್ಳೆಯವು; ಹುಂಜದ ಕಾಲಿಗೆ ತಂತಿ ಹಾಕಬೇಕು.

ಹನ್ನೆರಡನ್ನೂ ಒಟ್ಟಿಗೆ ಮಾಡುವವರಿಗೆ

ಇಲ್ಲಿ ಮಾಧ್ಯಮಕ್ಕಿಂತ ದೊಡ್ಡ ಸಮಸ್ಯೆ ಅಳತೆ. ಎತ್ತಿನ ಪಕ್ಕ ಇಲಿಯನ್ನು ನಿಲ್ಲಿಸಿದರೆ ಒಂದೋ ಇಲಿ ಕಾಣುವುದಿಲ್ಲ, ಒಂದೋ ಎತ್ತು ಹಾಳೆ ಹರಿಯುತ್ತದೆ. ಟಾಂಗ್ ರಾಜವಂಶದ ಕಾಲದ (618–907) ಗೋರಿಗಳಲ್ಲಿಡುತ್ತಿದ್ದ ಗೊಂಬೆಗಳು ಇದಕ್ಕೆ ಸೊಗಸಾದ ಉತ್ತರ ಕಂಡುಕೊಂಡಿವೆ: ಉದ್ದ ತೋಳಿನ ನಿಲುವಂಗಿ ತೊಟ್ಟ ಮನುಷ್ಯರ ಮೈ, ಮೇಲೆ ಪ್ರಾಣಿಯ ತಲೆ. ಇಲಿಯಧಿಕಾರಿಯೂ ಎತ್ತಿನಧಿಕಾರಿಯೂ ಸಮ ಎತ್ತರ. ಬೀಜಿಂಗ್‌ನ ಯುವಾನ್‌ಮಿಂಗ್‌ಯುವಾನ್ ಅರಮನೆಯ ಕಾರಂಜಿಯಲ್ಲೂ ಹನ್ನೆರಡು ಕಂಚಿನ ತಲೆಗಳು ಇಂಥದೇ ಮೈಗಳ ಮೇಲಿದ್ದವು. ಪ್ರತಿ ಪ್ರಾಣಿಯೂ ತನ್ನ ಪಾಲಿನ ಎರಡು ಗಂಟೆ ನೀರು ಚಿಮ್ಮುತ್ತಿತ್ತು, ನಡುಹಗಲಿಗೆ ಎಲ್ಲವೂ ಒಟ್ಟಿಗೆ. 1860ರಲ್ಲಿ ಬ್ರಿಟಿಷ್, ಫ್ರೆಂಚ್ ಸೇನೆ ಅರಮನೆಯನ್ನು ಲೂಟಿ ಮಾಡಿದ ಮೇಲೆ ಅವು ಚದುರಿದವು. ಇಲಿ, ಎತ್ತು, ಹುಲಿ, ಮೊಲ, ಕುದುರೆ, ಕೋತಿ, ಹಂದಿ ಈ ಏಳು ತಲೆಗಳು ಈಗ ಚೀನಾಕ್ಕೆ ಮರಳಿವೆ.

ನಿಲುವಂಗಿಯ ಒಂದೇ ಮೈಯನ್ನು ಅಚ್ಚಿನಲ್ಲಿ ಕೆತ್ತಿಕೊಂಡು 12 ಹಾಳೆಗೆ ಒತ್ತಿ, ತಲೆಗಳನ್ನು ಮಾತ್ರ ಬೇರೆ ಬೇರೆಯಾಗಿ ಕೆಂಪು ಕಾಗದದಲ್ಲಿ ಕತ್ತರಿಸಿ ಕೂರಿಸಬಹುದು. ಅಂಗಿಯ ಕತ್ತುಪಟ್ಟಿಯಿಂದ ಕಿವಿಯ ಬುಡಕ್ಕೆ ಎಲ್ಲ ತಲೆಗೂ 4 ಸೆಂಟಿಮೀಟರ್ ಇರಲಿ. ಮೊಲದ ಕಿವಿ, ಎತ್ತಿನ ಕೊಂಬು, ಡ್ರ್ಯಾಗನ್ನಿನ ಜಿಂಕೆಕೊಂಬು ಆ ಅಳತೆಯ ಮೇಲೆ ಎಷ್ಟು ಬೇಕಾದರೂ ಏರಬಹುದು. ಹಾವಿಗೆ ಕಿವಿಯಿಲ್ಲವಾದ್ದರಿಂದ ಅದರ ಹೆಡೆಯ ತುದಿಯನ್ನೇ 6 ಸೆಂಟಿಮೀಟರಿಗೆ ಎತ್ತಿ, ಇಲ್ಲವಾದರೆ ಸಾಲಿನಲ್ಲಿ ಆ ಒಂದು ಜಾಗ ಕುಳಿಬಿದ್ದಂತೆ ಕಾಣುತ್ತದೆ.